ಹುಲ್ಲು ಸವರುವ ಎಂಜಿನಿನಿಂದ ಮಾದರಿ ವಿಮಾನ

ಮಳೆಗಾಲವು ಹಿಂದಾಗುತ್ತಲೇ ನಮ್ಮ ಕರಾವಳಿಯ ಮತ್ತು ಮಲೆನಾಡಿನ ತೋಟಗಳಲ್ಲಿ ಒಂದು ಬಗೆಯ ಕರ್ಕಶಧ್ವನಿಯು ಎದ್ದು ಕೇಳಿಬರುವುದುಂಟು. ಆಳುಗಳು ಪಟ್ಟಿಯಿಂದ ಹೆಗಲಿಗೆ ತೂಗಹಾಕಿಕೊಂಡು, ಉದ್ದವಾದ ಕೊಳವೆಯ ತುದಿಯಲ್ಲಿ ತಿರುಗುವ ಅಲಗಿನಿಂದಾಗಲಿ ನೈಲಾನಿನ ದಾರದಿಂದಾಗಲಿ ಅಡಿಕೆ ಕಾಫಿ ಗಿಡಗಳ ಬುಡದ ಕಳೆಯನ್ನು ಸವರುತ್ತ ಹೋಗುವ ಯಂತ್ರದ ಧ್ವನಿಯದು. ಕೆಲವರು ಅದನ್ನು ವೀಡ್ ಕಟರೆಂದೂ ಕೆಲವರು ಬ್ರಷ್ ಕಟರೆಂದೂ ಕರೆಯುವರು. ಇಂತಹ ಯಂತ್ರವು ಕೆಟ್ಟು ಕೊಟ್ಟಿಗೆಯ ಮೂಲೆಗೆ ಬಿದ್ದ ಮೇಲೆ ಅದರ ಎಂಜಿನನ್ನು ಕಳಚಿ, ತಕ್ಕ ಮಾರ್ಪಾಟುಗಳನ್ನು ಮಾಡಿ, ರೇಡಿಯೋ ಅಲೆಗಳಿಂದ ನಡೆಯುವ ಮಾದರಿ ವಿಮಾನಕ್ಕೆ ಕೂಡಿಸಿ ಹಾರಿಸುವ ಹವ್ಯಾಸವೊಂದು ಲೋಕದಲ್ಲಿರುವುದನ್ನು ನಮ್ಮ ವಾಚಕರಲ್ಲಿ ಹಲವರು ಕೇಳಿರಲಾರರು. ಆ ಮಾರ್ಪಾಟು ಹೇಗಾಗುವುದು, ಅದರಲ್ಲಿ ಎಲ್ಲಿ ಜಾಣತನವು ಬೇಕು, ಎಲ್ಲಿ ಅಪಾಯವುಂಟು ಎಂಬುದನ್ನು ವಿವರಿಸಲು ನಾವು ಇಲ್ಲಿ ಯತ್ನಿಸುವೆವು.

ಮೊದಲೇ ಒಂದು ಮಾತನ್ನು ಹೇಳಬೇಕಾಗಿದೆ. ಎಂಜಿನಿನಿಂದ ಬೇಡದ ಭಾಗಗಳನ್ನೆಲ್ಲ ಬಿಚ್ಚಿ ಎಸೆದರೆ ಅದು ಹಗುರವಾಗುವುದು, ಹಗುರವಾದರೆ ಹಾರುವುದು, ಇಷ್ಟೇ ಕೆಲಸವೆಂದು ಹೊಸಬರು ಎಣಿಸುವರು. ಆದರೆ ಹಾಗೆ ಬಿಚ್ಚಿದ ಒಂದೊಂದು ಭಾಗವೂ ಯಾವುದೋ ಒಂದು ಕೆಲಸಕ್ಕಾಗಿಯೇ ಅಲ್ಲಿತ್ತು. ಭಾಗವನ್ನು ತೆಗೆದರೂ ಕೆಲಸವು ಉಳಿದೇ ಇರುವುದು. ಅದನ್ನು ಇನ್ನಾವುದಕ್ಕಾದರೂ ಒಪ್ಪಿಸಿಕೊಡದೆ ತೀರದು. ಎಂಜಿನುಗಳು ಸುಟ್ಟುಹೋಗುವುದೂ ಬೆರಳುಗಳಿಗೆ ಗಾಯವಾಗುವುದೂ ಬಹುಮಟ್ಟಿಗೆ ಈ ಒಪ್ಪಿಸುವಿಕೆಯನ್ನು ಮರೆತುದರ ಫಲವೇ.

ಹುಲ್ಲು ಸವರುವ ಈ ಯಂತ್ರವೇನೂ ಬಹಳ ಹಳೆಯದಲ್ಲ. ಅಮೇರಿಕೆಯ ಟೆಕ್ಸಸ್ ಪ್ರಾಂತದ ಹ್ಯೂಸ್ಟನ್ ನಗರದ ಜಾರ್ಜ್ ಬಲ್ಲಾಸ್ ಎಂಬವರು ೧೯೭೧ನೆಯ ಇಸವಿಯಲ್ಲಿ ಇದನ್ನು ಕಲ್ಪಿಸಿದರು. ಮೋಟಾರು ಗಾಡಿಗಳನ್ನು ತೊಳೆಯುವ ಸ್ಥಳದಲ್ಲಿ ಸುತ್ತುವ ಕುಂಚಗಳು ಗಾಡಿಯ ಮೈಗೆ ಗಾಯಮಾಡದೆ ಸಂದುಗೊಂದುಗಳನ್ನೆಲ್ಲ ಉಜ್ಜುವುದನ್ನು ನೋಡಿ, ಮರದ ತೊಗಟೆಗೆ ನೋವಾಗದಂತೆ ಬುಡದ ಹುಲ್ಲನ್ನು ಹೀಗೆಯೇ ಏಕೆ ಕತ್ತರಿಸಬಾರದೆಂದು ಅವರು ಯೋಚಿಸಿದರು. ಜೋಳದ ಅರಳಿನ ತಗಡಿನ ಡಬ್ಬಿಯೊಂದಕ್ಕೆ ತೂತುಗಳನ್ನು ಕೊರೆದು, ಮೀನು ಹಿಡಿಯುವ ದಾರದ ತುಂಡುಗಳನ್ನು ಅದರಲ್ಲಿ ಪೋಣಿಸಿ, ತಿರುಗುವ ಯಂತ್ರವೊಂದಕ್ಕೆ ಸಿಕ್ಕಿಸಿ ಪರೀಕ್ಷಿಸಿದರು. ಅಲ್ಲಿಂದ ಮುಂದೆ ಕೈಯಲ್ಲಿ ಹಿಡಿದು ನಡೆಯಿಸತಕ್ಕ ಪುಟ್ಟ ಪೆಟ್ರೋಲು ಎಂಜಿನುಗಳಿಗೆ ಲೋಕದಲ್ಲೆಲ್ಲ ಬೇಡಿಕೆಯುಂಟಾಯಿತು. ದಿನವಿಡೀ ಹೊತ್ತು ತಿರುಗುವ ಎಂಜಿನು ಹಗುರವಾಗಿರಬೇಕು, ಯಾವ ಮಗ್ಗುಲಿಗೆ ವಾಲಿಸಿದರೂ ನಿಲ್ಲದೆ ಓಡಬೇಕು, ಅಗ್ಗವಾಗಿರಬೇಕು. ವಿಮಾನಕ್ಕೆ ಬೇಕಾದ ಗುಣಗಳೂ ಇವೇ ಅಲ್ಲವೆ?

ಇದರ ಹಗುರತನವನ್ನು ಒಂದು ಹೋಲಿಕೆಯಿಂದ ತಿಳಿಯಬಹುದು. ೧೯೦೩ರಲ್ಲಿ ರೈಟ್ ಸಹೋದರರು ತಮ್ಮ ವಿಮಾನಕ್ಕಾಗಿ ತಮ್ಮ ಅಂಗಡಿಯಲ್ಲಿಯೇ ಮಾಡಿಸಿದ ಎಂಜಿನು ಸುಮಾರು ೧೮೦ ಪೌಂಡು ತೂಗಿ ೧೨ ಅಶ್ವಶಕ್ತಿಯನ್ನು ಕೊಡುತ್ತಿತ್ತು. ಎಂದರೆ ಒಂದು ಅಶ್ವಶಕ್ತಿಗೆ ೧೫ ಪೌಂಡು. ಈಗಿನ ೨೫ ಘನ ಸೆಂಟಿಮೀಟರಿನ ಹುಲ್ಲು ಸವರುವ ಎಂಜಿನಾದರೋ, ಹೊದಿಕೆಗಳನ್ನು ಕಳಚಿದ ಮೇಲೆ ಮೂರೂವರೆ ಪೌಂಡಿನ ಆಸುಪಾಸಿನಲ್ಲಿ ತೂಗಿ, ಸುಮಾರು ಒಂದು ಅಶ್ವಶಕ್ತಿಯನ್ನು ಕೊಡುವುದು.

ಮಾದರಿ ವಿಮಾನಗಳಿಗೆ ಪೆಟ್ರೋಲು ಎಂಜಿನನ್ನು ಕೂಡಿಸುವುದು ಹೊಸ ಯೋಚನೆಯೇನಲ್ಲ. ಬಹುಕಾಲ ಈ ಆಟದ ವಿಮಾನಗಳು ಹುರಿಗೊಳಿಸಿದ ರಬ್ಬರಿನ ಬಲದಿಂದ ಹಾರುತ್ತಿದ್ದುವು. ಅಮೇರಿಕೆಯ ಫಿಲಡೆಲ್ಫಿಯಾ ನಗರದ ವಿಲಿಯಮ್ ಬ್ರೌನ್ ಎಂಬ ತರುಣನು ೧೯೩೦ರ ದಶಕದ ಮೊದಲಲ್ಲಿ ಸುಮಾರು ೧೦ ಘನ ಸೆಂಟಿಮೀಟರಿನ ಕಿಡಿ ಹಾರಿಸುವ ಎಂಜಿನನ್ನು ಮಾಡಿದನು. ಅವನ ಸಂಗಡಿಗನಾದ ಮ್ಯಾಕ್ಸ್‌ವೆಲ್ ಬ್ಯಾಸೆಟ್ ಎಂಬವನು ೧೯೩೩ರ ರಾಷ್ಟ್ರೀಯ ಸ್ಪರ್ಧೆಯಲ್ಲಿ ಆ ಎಂಜಿನಿನಿಂದ ರಬ್ಬರಿನ ಮಾದರಿಗಳನ್ನೆಲ್ಲ ಹಿಂದೆ ಹಾಕಿದನು. ಆದರೆ ಕಿಡಿಗಾಗಿ ಸುರುಳಿ, ಬ್ಯಾಟರಿ, ತಂತಿ ಇವುಗಳನ್ನೆಲ್ಲ ವಿಮಾನವು ಹೊರಬೇಕಾಗಿತ್ತು. ೧೯೪೭ರಲ್ಲಿ ರೇ ಆರ್ಡನ್ ಎಂಬವರು ಗ್ಲೋ ಪ್ಲಗ್ಗನ್ನು ಮಾರಾಟಕ್ಕೆ ತಂದರು. ಇದರಲ್ಲಿ ಪ್ಲಾಟಿನಮ್ ಬೆರೆತ ಸಣ್ಣ ತಂತಿಯೊಂದು ಪ್ರಾರಂಭದಲ್ಲಿ ಮಾತ್ರ ಬ್ಯಾಟರಿಯಿಂದ ಕಾದು, ಬಳಿಕ ಉರಿಯ ಶಾಖದಿಂದಲೂ ಮೆಥನಾಲಿನ ಸಂಪರ್ಕದಿಂದಲೂ ತಾನೇ ಕೆಂಪಗೆ ಉಳಿದುಕೊಳ್ಳುವುದು. ಆ ಮೇಲೆ ಸುರುಳಿಯೂ ಬೇಡ, ಬ್ಯಾಟರಿಯೂ ಬೇಡ. ಮೆಥನಾಲಿನಲ್ಲಿ ಹರಳೆಣ್ಣೆಯನ್ನು ಬೆರಸಿ ಓಡಿಸುವ ಆ ಎಂಜಿನುಗಳೇ ಮುಂದೆ ಹಲವು ದಶಕಗಳ ವರೆಗೆ ಈ ಕ್ರೀಡೆಯನ್ನು ಆಳಿದುವು. ನಮ್ಮ ಅಜ್ಜಿಯಂದಿರು ಎಳೆಮಕ್ಕಳ ಹೊಟ್ಟೆಗೆ ಹಾಕುತ್ತಿದ್ದ ಹರಳೆಣ್ಣೆಯೇ ಇದು. ಹಾರಿ ಇಳಿದ ವಿಮಾನದ ಮೈಯೆಲ್ಲ ಅದರ ಜಿಡ್ಡು.

ಮೆಥನಾಲಿನ ದೋಷವೇನೆಂದರೆ ಅದು ಬೇಗನೆ ತೀರಿಹೋಗುವುದು. ಒಂದು ತೂಕದ ಪೆಟ್ರೋಲು ಉರಿಯಲು ೧೪.೭ರಷ್ಟು ತೂಕದ ಗಾಳಿಯು ಬೇಕು. ಮೆಥನಾಲಿಗೆ ೬.೪ರಷ್ಟು ಸಾಕು. ಎಂಜಿನು ಪ್ರತಿಸುತ್ತಿಗೂ ಹೀರುವ ಗಾಳಿಯ ಅಳತೆಯು ಒಂದೇ ಆಗಿರುವುದರಿಂದ ಮೆಥನಾಲು ಪೆಟ್ರೋಲಿನ ಎರಡರಷ್ಟಕ್ಕೂ ಮಿಗಿಲಾಗಿ ಖರ್ಚಾಗುವುದು. ಸಣ್ಣ ಮಾದರಿಗಳಿಗೆ ಇದು ಲೆಕ್ಕಕ್ಕೆ ಬಾರದಿದ್ದರೂ, ೧೯೭೦ರ ದಶಕದ ಕೊನೆಯಿಂದ ನಿಜವಾದ ವಿಮಾನದ ನಾಲ್ಕನೆಯ ಒಂದು ಪಾಲಿನಷ್ಟು ದೊಡ್ಡ ಮಾದರಿಗಳನ್ನು ಕಟ್ಟುವ ಉತ್ಸಾಹವು ಹೆಚ್ಚಿದಾಗ ಅದು ಭಾರವಾಗಿ ಕಂಡಿತು. ಆಗ ಹವ್ಯಾಸಿಗಳು ಮರ ಕೊಯ್ಯುವ ಗರಗಸದ ಎಂಜಿನುಗಳ ಕಡೆಗೂ ಹುಲ್ಲು ಸವರುವ ಎಂಜಿನುಗಳ ಕಡೆಗೂ ತಿರುಗಿದರು.

ಕಿಡಿಯಿಂದ ಓಡುವ ಎಂಜಿನಿನ ಮಿತವ್ಯಯಕ್ಕೆ ಒಂದು ನಿದರ್ಶನವನ್ನು ಇಲ್ಲಿ ಕೊಡದೆ ಮುಂದೆ ಹೋಗಲು ನಮಗೆ ಮನಸ್ಸಾಗದು. ೨೦೦೩ನೆಯ ಅಗಸ್ಟ್ ತಿಂಗಳಲ್ಲಿ ಅಮೇರಿಕೆಯ ಮೇನಾರ್ಡ್ ಹಿಲ್ ಎಂಬವರೂ ಅವರ ಸಂಗಡಿಗರೂ ಸೇರಿ ಕಟ್ಟಿದ ಮಾದರಿ ವಿಮಾನವೊಂದು ಕೆನಡಾದ ನ್ಯೂಫೌಂಡ್‌ಲೆಂಡಿನಿಂದ ಹೊರಟು, ಅಟ್ಲಾಂಟಿಕ್ ಮಹಾಸಾಗರವನ್ನು ದಾಟಿ, ೩೮ ಗಂಟೆ ೫೨ ನಿಮಿಷಗಳಲ್ಲಿ ಸುಮಾರು ೩,೦೦೦ ಕಿಲೋಮೀಟರು ಹಾರಿ ಐರ್ಲೆಂಡಿನಲ್ಲಿ ಇಳಿಯಿತು. ತೈಲವೂ ಸೇರಿ ಅದರ ತೂಕವು ೫ ಕಿಲೋಗ್ರಾಮಿಗಿಂತ ಕಡಿಮೆಯೇ. ಅದರ ಎಂಜಿನು ಹುಲ್ಲಿನ ಯಂತ್ರದ್ದಲ್ಲ. ೧೦ ಘನ ಸೆಂಟಿಮೀಟರಿನ ಮಾದರಿ ಎಂಜಿನನ್ನೇ ಕಿಡಿಯಿಂದ ಓಡುವಂತೆ ಮಾರ್ಪಡಿಸಿ, ಪೆಟ್ರೋಲಿನ ಜಾತಿಯದೇ ಆದ ಲಾಂದ್ರದ ತೈಲವನ್ನು ಉಪಯೋಗಿಸಿದ್ದರು. ಮೇನಾರ್ಡ್ ಹಿಲ್ಲರಿಗೆ ಆಗ ೭೭ ವರ್ಷ ವಯಸ್ಸು, ಕಣ್ಣುಗಳು ಬಹುಮಟ್ಟಿಗೆ ಕಾಣಿಸುತ್ತಿರಲಿಲ್ಲ. ಗ್ಲೋ ಪ್ಲಗ್ಗಿನಿಂದ ಮೆಥನಾಲು ಉರಿಸಿ ಇಷ್ಟು ದೂರ ಹೋಗಬೇಕಾಗಿದ್ದರೆ ಆ ತೂಕದ ಮಿತಿಯೊಳಗೆ ತೈಲವನ್ನು ಹೊರುವುದೇ ಅಸಾಧ್ಯವಾಗುತ್ತಿತ್ತು.

ಇನ್ನು ನಮ್ಮ ಹುಲ್ಲಿನ ಎಂಜಿನಿನ ಒಳಗನ್ನು ನೋಡೋಣ. ಇದು ಸಾಮಾನ್ಯವಾಗಿ ಎರಡು ಹೊಡೆತದ ಎಂಜಿನು. ಪಿಸ್ಟನ್ನು ಮೇಲಕ್ಕೆ ಹೋಗುವಾಗ ಮೇಲ್ಗಡೆಯಲ್ಲಿ ಗಾಳಿ ಪೆಟ್ರೋಲುಗಳ ಮಿಶ್ರವನ್ನು ಒತ್ತುವುದು. ಅದೇ ಸಮಯದಲ್ಲಿ ಕೆಳಗಿನ ಕ್ರ್ಯಾಂಕು ಗೂಡಿನಲ್ಲಿ ಹೊಸ ಮಿಶ್ರವನ್ನು ಒಳಕ್ಕೆ ಎಳೆಯುವುದು. ಕಿಡಿಯು ಹತ್ತಿ ಪಿಸ್ಟನ್ನು ಕೆಳಕ್ಕೆ ಬರುವಾಗ ಉರಿದ ಹೊಗೆಯು ಪಕ್ಕದ ಕಿಂಡಿಯಿಂದ ಹೊರಗೆ ನುಗ್ಗುವುದು, ಗೂಡಿನಲ್ಲಿದ್ದ ಹೊಸ ಮಿಶ್ರವು ಇನ್ನೊಂದು ಕಿಂಡಿಯಿಂದ ಮೇಲಕ್ಕೇರುವುದು. ಕಾರಿನ ಎಂಜಿನಿನಲ್ಲಿರುವಂತೆ ಕವಾಟಗಳನ್ನು ಎತ್ತಿ ಇಳಿಸುವ ಏರ್ಪಾಟು ಇಲ್ಲಿಲ್ಲ. ಕೆಲವು ಎಂಜಿನುಗಳಲ್ಲಿ ಗೂಡಿನ ಬಾಗಿಲಿಗೆ ತೆಳ್ಳನೆಯ ಉಕ್ಕಿನ ನಾಲಗೆಯೊಂದಿರುವುದು. ಅದು ನಮ್ಮ ಪ್ರಾರ್ಥನಾಮಂದಿರದ ಹಾರ್ಮೋನಿಯಮ್ಮಿನ ಒಳಗಿನ ನಾಲಗೆಯನ್ನು ಹೋಲುವುದು. ಗಾಳಿಯನ್ನು ಒಳಕ್ಕೆ ಬಿಡುವುದಲ್ಲದೆ ಹೊರಕ್ಕೆ ಬಿಡದು. ಕ್ರ್ಯಾಂಕಿನ ಗೂಡಿನಲ್ಲಿ ಮಿಶ್ರವೇ ಓಡಾಡುವುದರಿಂದ ಎಣ್ಣೆಯನ್ನು ಬೇರೆಯಾಗಿ ತುಂಬಿಡಲು ಸ್ಥಳವಿಲ್ಲ. ಆದಕಾರಣ ೨೫ರಿಂದ ೫೦ ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆಯನ್ನು, ತಯಾರಿಸಿದವರು ಹೇಳಿದ ಪ್ರಮಾಣದಲ್ಲಿ, ಪೆಟ್ರೋಲಿನಲ್ಲಿಯೇ ಬೆರಸುವರು. ಎಣ್ಣೆಯಿಲ್ಲದ ಪೆಟ್ರೋಲನ್ನು ಹಾಕಿ ಓಡಿಸಿದರೆ ಕೆಲವೇ ನಿಮಿಷಗಳಲ್ಲಿ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಳ್ಳುವುದು.

ಆದರೆ ಈ ಎಂಜಿನಿನ ನಿಜವಾದ ಸೊಗಸು ಇರುವುದು ಅದರ ಕಾರ್ಬ್ಯುರೇಟರಿನಲ್ಲಿ. ಹಳೆಯ ಮೋಟಾರ್ ಸೈಕಲ್ಲುಗಳ ಕಾರ್ಬ್ಯುರೇಟರಿನಲ್ಲಿ ಸಣ್ಣ ಬಟ್ಟಲೊಂದಿದ್ದು ಅದರಲ್ಲಿ ತೇಲುವ ಬೆಂಡು ಪೆಟ್ರೋಲಿನ ಮಟ್ಟವನ್ನು ಕಾಪಾಡುವುದು. ವಿಮಾನವು ಲಾಗಹಾಕಿದರೆ ಆ ಬಟ್ಟಲು ಬೋರಲಾಗಿ ಎಲ್ಲವೂ ಕೆಡುವುದು. ಹುಲ್ಲಿನ ಯಂತ್ರವನ್ನು ಗದ್ದೆಯ ಅಂಚಿನಲ್ಲಿ ಓರೆಯಾಗಿಯೂ ದರೆಯ ಮೇಲೆ ತಲೆಕೆಳಗಾಗಿಯೂ ಹಿಡಿಯಬೇಕಾದುದರಿಂದ ಅದನ್ನು ನಿರ್ಮಿಸಿದವರು ಬಟ್ಟಲನ್ನೇ ಬಿಟ್ಟು, ತೆಳ್ಳನೆಯ ಪೊರೆಗಳನ್ನು ಇಟ್ಟಿರುವರು. ಕ್ರ್ಯಾಂಕು ಗೂಡಿನ ಒತ್ತಡವು ಸುತ್ತುಸುತ್ತಿಗೂ ಏರಿ ಇಳಿಯುವಾಗ ಅದರ ಬಡಿತದಿಂದ ಒಂದು ಪೊರೆಯು ಮಿಡಿದು, ತೊಟ್ಟಿಯಿಂದ ಪೆಟ್ರೋಲನ್ನು ಎಳೆದುಕೊಳ್ಳುವುದು. ಇನ್ನೊಂದು ಪೊರೆಯು ಬೇಕಾದಷ್ಟನ್ನು ಮಾತ್ರ ಅಳೆದು ಬಿಡುವುದು. ಆದಕಾರಣ ತೊಟ್ಟಿಯು ಎಂಜಿನಿಗಿಂತ ಕೆಳಗಿರಲಿ, ಹಿಂದೆ ದೂರದಲ್ಲಿರಲಿ, ವಿಮಾನವು ಬೆನ್ನಡಿಯಾಗಿ ಹಾರಲಿ, ಪೆಟ್ರೋಲು ಬರುತ್ತಲೇ ಇರುವುದು. ತೋಟದ ಆಳಿನ ಅನುಕೂಲಕ್ಕಾಗಿ ಮಾಡಿದ ಏರ್ಪಾಟು ವಿಮಾನಕ್ಕೆ ಹೇಳಿಮಾಡಿಸಿದಂತಾಯಿತು. ಮಾರ್ಪಾಟಿನಲ್ಲಿ ಇದನ್ನು ಮುಟ್ಟದೆ ಹಾಗೆಯೇ ಉಳಿಸಿಕೊಳ್ಳತಕ್ಕದ್ದು.

ಬಿಚ್ಚತಕ್ಕ ಭಾಗಗಳಲ್ಲಿ ಉದ್ದನೆಯ ಕೊಳವೆ, ಅದರ ಒಳಗಿನ ದಂಡ, ವೇಗವು ಹೆಚ್ಚಿದಾಗ ಮಾತ್ರ ಹಿಡಿದುಕೊಳ್ಳುವ ಕ್ಲಚ್ಚು, ಪ್ಲಾಸ್ಟಿಕ್ಕಿನ ತೊಟ್ಟಿ ಇವುಗಳಿಂದ ತೊಂದರೆಯೇನಿಲ್ಲ. ಕ್ಲಚ್ಚನ್ನು ತೆಗೆದ ಮೇಲೆ ಎಂಜಿನು ಓಡುವಷ್ಟು ಹೊತ್ತೂ ಪ್ರೊಪೆಲರು ತಿರುಗುತ್ತಲೇ ಇರುವುದೆಂಬುದನ್ನು ಮಾತ್ರ ನೆನಪಿಡಬೇಕು. ತೋಟದಲ್ಲಿ ಎಂಜಿನು ಮೆಲ್ಲಗೆ ಓಡುವಾಗ ಅಲಗು ನಿಂತಿರುತ್ತಿತ್ತು. ಇಲ್ಲಿ ಹಾಗಿಲ್ಲ.

ಹಗ್ಗವನ್ನೆಳೆದು ಎಂಜಿನನ್ನು ಎಬ್ಬಿಸುವ ಏರ್ಪಾಟನ್ನೂ ಹೆಚ್ಚಾಗಿ ತೆಗೆಯುವರು. ಆಗ ಪ್ರೊಪೆಲರನ್ನೇ ಕೈಯಿಂದ ತಿರುವಿ ಎಂಜಿನನ್ನು ಎಬ್ಬಿಸಬೇಕಾಗುವುದು. ಇದು ಗಂಡಾಂತರದ ಕೆಲಸ. ಕಿಡಿಯು ಪಿಸ್ಟನ್ನು ಮೇಲಿನ ತುದಿಯನ್ನು ಮುಟ್ಟುವುದಕ್ಕಿಂತ ಮೊದಲೇ ಹಾರುವುದರಿಂದ, ಮೆಲ್ಲಗೆ ತಿರುವಿದಲ್ಲಿ ಎಂಜಿನು ಹಿಂದಕ್ಕೆ ಒದೆಯುವುದು. ಬರಿಗೈಯಿಂದ ಎಂದಿಗೂ ತಿರುವಕೂಡದು. ದಪ್ಪನೆಯ ತೊಗಲಿನ ಕೈಚೀಲವನ್ನು ಹಾಕಿಕೊಂಡಾಗಲಿ, ರಬ್ಬರು ಸುತ್ತಿದ ಕೋಲಿನಿಂದಾಗಲಿ, ಅದಕ್ಕಿಂತಲೂ ಮೇಲಾಗಿ ಬ್ಯಾಟರಿಯ ಸ್ಟಾರ್ಟರಿನಿಂದಾಗಲಿ ತಿರುವತಕ್ಕದ್ದು. ಮತ್ತೊಬ್ಬಳು ವಿಮಾನದ ಬಾಲವನ್ನು ಭದ್ರವಾಗಿ ಹಿಡಿದಿರಬೇಕು. ಸಡಿಲವಾದ ಸೆರಗು, ದಾವಣಿ, ಇಳಿಬಿಟ್ಟ ಜಡೆ, ಕೈಬಳೆ ಇವುಗಳೊಡನೆ ಪ್ರೊಪೆಲರಿನ ಹತ್ತಿರ ಸುಳಿಯಲೂ ಬಾರದು.

ತಂಪಿನ ವಿಷಯವು ಇದಕ್ಕಿಂತಲೂ ಸೂಕ್ಷ್ಮವಾದುದು. ತೋಟದ ಎಂಜಿನಿನಲ್ಲಿ ಫ್ಲೈವೀಲೆಂಬ ಭಾರವಾದ ಚಕ್ರದ ಮೇಲೆ ಬೀಸಣಿಗೆಯಂತಹ ರೆಕ್ಕೆಗಳಿರುವುವು. ಅವು ಎಳೆದ ಗಾಳಿಯನ್ನು ಪ್ಲಾಸ್ಟಿಕ್ಕಿನ ಹೊದಿಕೆಯು ಸಿಲಿಂಡರಿನ ಮೇಲಕ್ಕೆ ಹಾಯಿಸುವುದು. ಪ್ರೊಪೆಲರೇ ದೊಡ್ಡ ಬೀಸಣಿಗೆಯಾಗಿರುವಾಗ ಇವುಗಳೇಕೆಂದು ಎರಡನ್ನೂ ತೆಗೆಯುವರು, ಚಕ್ರದ ರೆಕ್ಕೆಗಳನ್ನು ಲೇತಿನ ಮೇಲೆ ಕಡೆದುಹಾಕುವರು. ಎಂಜಿನು ಬಯಲಾಗಿ ಹೊರಗೆ ಕಾಣುವಂತಿದ್ದರೆ ಇದರಿಂದ ಬಾಧೆಯಿಲ್ಲ. ಆದರೆ ಚೆಲುವಿಗಾಗಿ ಮೂತಿಯ ಹೊದಿಕೆಯೊಳಗೆ ಅದನ್ನು ಅಡಗಿಸಿದರೆ, ನುಗ್ಗಿದ ಗಾಳಿಯು ಸುಲಭವಾದ ದಾರಿಯನ್ನೇ ಹಿಡಿದು ಸಿಲಿಂಡರಿನ ಪಕ್ಕದಿಂದ ಹಾದುಹೋಗುವುದೇ ಹೊರತು ಅದರ ಸಂದುಗಳೊಳಗೆ ಹೋಗದು. ಆದುದರಿಂದ ತಗಡಿನ ಅಡ್ಡಗಟ್ಟೆಗಳನ್ನಿಟ್ಟು, ಗಾಳಿಯು ಸಿಲಿಂಡರನ್ನು ಸವರದೆ ಹೊರಗೆ ಹೋಗದಂತೆ ಮಾಡಬೇಕು. ಅಲ್ಲದೆ ಕಾದ ಗಾಳಿಯು ಹಿಗ್ಗುವುದರಿಂದ ಹೊರಗೆ ಹೋಗುವ ಬಾಗಿಲು ಒಳಬರುವ ಬಾಗಿಲಿಗಿಂತ ಎರಡು ಮೂರರಷ್ಟು ದೊಡ್ಡದಾಗಿರಬೇಕು. ಮುಂದಿನ ಬಾಗಿಲನ್ನು ಹಿಗ್ಗಿಸಿ ಹಿಂದಿನದನ್ನು ಮರೆಯುವವರೇ ಹೆಚ್ಚು. ಅವರ ಎಂಜಿನು ನೆಲದ ಮೇಲೆ ಚೆನ್ನಾಗಿ ಓಡಿ, ಮೇಲಕ್ಕೆ ಏರಿದ ಕೆಲವು ನಿಮಿಷಗಳಲ್ಲಿ ಕಾದು ನಿಲ್ಲುವುದು.

ಆ ಫ್ಲೈವೀಲಿಗೆ ಇನ್ನೂ ಎರಡು ಕೆಲಸಗಳುಂಟು. ತನ್ನ ತೂಕದಿಂದ ಎಂಜಿನಿನ ಓಟವನ್ನು ಸಮವಾಗಿಡುವುದು ಒಂದು. ಇದನ್ನು ಪ್ರೊಪೆಲರು ಬಹುಮಟ್ಟಿಗೆ ವಹಿಸಿಕೊಳ್ಳುವುದು. ಕಿಡಿಯನ್ನು ಹುಟ್ಟಿಸುವುದು ಎರಡನೆಯದು. ಚಕ್ರದ ಅಂಚಿನಲ್ಲಿ ಹುದುಗಿಸಿದ ಅಯಸ್ಕಾಂತವು ಪಕ್ಕದಲ್ಲಿರುವ ತಂತಿಯ ಸುರುಳಿಯನ್ನು ದಾಟಿದಾಗಲೆಲ್ಲ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಿ ಕಿಡಿಯು ಹಾರುವುದು. ಬ್ಯಾಟರಿಯೇ ಬೇಕಾಗಿಲ್ಲ. ಪಿಸ್ಟನ್ನು ಮೇಲ್ತುದಿಯನ್ನು ಮುಟ್ಟುವುದಕ್ಕೆ ಸುಮಾರು ೨೮ ಡಿಗ್ರಿ ಮೊದಲು ಈ ಕಿಡಿಯು ಹಾರುವುದೆಂದು ಇಟ್ಟುಕೊಳ್ಳೋಣ. ನಿಮಿಷಕ್ಕೆ ೭,೦೦೦ ಸುತ್ತುಗಳ ವೇಗದಲ್ಲಿ ಅದು ಒಂದು ಸೆಕೆಂಡಿನ ೧,೫೦೦ನೆಯ ಒಂದು ಪಾಲು. ಮಿಶ್ರವು ಪೂರ್ತಿಯಾಗಿ ಹತ್ತಿಕೊಳ್ಳಲು ಅಷ್ಟು ಅವಕಾಶವು ಬೇಕು. ಚಕ್ರವನ್ನು ದಂಡಕ್ಕೆ ಸರಿಯಾದ ಸ್ಥಾನದಲ್ಲಿ ನಿಲ್ಲಿಸುವುದು ಒಂದು ಸಣ್ಣ ಲೋಹದ ಕೀಲು. ಅದು ಜರುಗಿದರೆ ಕಿಡಿಯ ವೇಳೆಯು ತಪ್ಪುವುದು.

ಚಕ್ರವನ್ನು ಪೂರ್ತಿಯಾಗಿ ಬಿಟ್ಟುಬಿಡಬೇಕೆನ್ನುವವರು ಬ್ಯಾಟರಿಯಿಂದ ನಡೆಯುವ ವಿದ್ಯುತ್ ಏರ್ಪಾಟನ್ನು ಕೊಂಡುಕೊಳ್ಳುವರು. ಪ್ರೊಪೆಲರಿನ ಗುಂಭದಲ್ಲಿ ಕಡಲೆಕಾಳಿನಷ್ಟು ಅಯಸ್ಕಾಂತವನ್ನು ಹುದುಗಿಸಿ, ಅದು ಹಾದುಹೋಗುವುದನ್ನು ಗುರುತಿಸುವ ಪುಟ್ಟ ಸಾಧನವನ್ನು ಎದುರಿಗಿಟ್ಟರೆ ಸಾಕು. ಇದರ ದೊಡ್ಡ ಉಪಕಾರವೇನೆಂದರೆ ಎಂಜಿನು ಮೆಲ್ಲಗೆ ತಿರುಗುವಾಗ ಕಿಡಿಯನ್ನು ತಡವಾಗಿಯೂ ವೇಗವಾಗಿ ತಿರುಗುವಾಗ ಬೇಗನೆಯೂ ಕೊಡುವುದು. ಕೈಯಿಂದ ತಿರುವುವಾಗಿನ ಒದೆತವು ಇದರಿಂದ ಬಹಳ ಕಡಿಮೆಯಾಗುವುದು. ಹಣವು ಹೆಚ್ಚು ತಗಲಿದರೂ ವಿದ್ಯಾರ್ಥಿನಿಯರ ಕೈಗೆ ಕೊಡುವ ಎಂಜಿನಿಗೆ ಇದೇ ಯೋಗ್ಯವೆಂದು ನಮ್ಮ ಅಭಿಪ್ರಾಯ. ಉಳಿತಾಯಮಾಡುವ ಸ್ಥಳವು ಇದಲ್ಲ.

ತಿರುಗುವ ದಿಕ್ಕನ್ನೂ ನೋಡಿಕೊಳ್ಳಬೇಕು. ಅಂಗಡಿಯಲ್ಲಿ ದೊರೆಯುವ ಸಾಮಾನ್ಯವಾದ ಪ್ರೊಪೆಲರು, ವಿಮಾನದ ಮುಂದೆ ನಿಂತು ನೋಡಿದರೆ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗತಕ್ಕದ್ದು. ದಂಡವು ಎರಡು ಕಡೆಗೂ ಹೊರಬಂದಿರುವ ಎಂಜಿನಾದರೆ ಒಂದು ತುದಿಯಿಂದ ಗಡಿಯಾರದಂತೆ ಕಾಣುವ ತಿರುಗುವಿಕೆಯು ಇನ್ನೊಂದು ತುದಿಯಿಂದ ವಿರುದ್ಧವಾಗಿ ಕಾಣುವುದರಿಂದ ಬೇಕಾದ ತುದಿಯನ್ನು ಆರಿಸಿಕೊಳ್ಳಬಹುದು. ಅಗ್ಗದ ಕೆಲವು ಎಂಜಿನುಗಳಲ್ಲಿ ದಂಡಕ್ಕೆ ಒಂದೇ ಕಡೆಯಲ್ಲಿ ಆಧಾರವಿದ್ದು ಒಂದೇ ತುದಿಯು ಹೊರಬಂದಿರುವುದು. ಅದು ತಪ್ಪಾದ ದಿಕ್ಕಿನದಾದರೆ, ವಿಮಾನವನ್ನು ಹಿಂದಿನಿಂದ ನೂಕುವುದಕ್ಕಾಗಿ ಮಾಡಿದ ಎದುರು ತಿರುಚಿನ ಪ್ರೊಪೆಲರನ್ನು ಹಾಕುವುದು ಸುಲಭವಾದ ಉಪಾಯ. ಇಲ್ಲವಾದರೆ ಕಿಡಿಯ ವೇಳೆಯನ್ನೇ ಬದಲಾಯಿಸಬೇಕು. ಎರಡು ಹೊಡೆತದ ಎಂಜಿನಿನ ಸಿಲಿಂಡರು ಕಿಂಡಿಗಳು ಮೇಲಕ್ಕೆ ಹೋಗುವಾಗಲೂ ಕೆಳಕ್ಕೆ ಬರುವಾಗಲೂ ಒಂದೇ ಸ್ಥಾನದಲ್ಲಿ ತೆರೆದು ಮುಚ್ಚುವುದರಿಂದ ಅದು ಯಾವ ದಿಕ್ಕಿಗಾದರೂ ಓಡಬಲ್ಲುದು. ಕಿಡಿಯೊಂದೇ ಅದಕ್ಕೆ ದಿಕ್ಕನ್ನು ಹೇಳುವುದು.

ಪ್ರೊಪೆಲರನ್ನು ದಂಡಕ್ಕೆ ಕೂಡಿಸುವ ಗುಂಭವನ್ನು ಮಾತ್ರ ಮನೆಯಲ್ಲಿ ಅರದಿಂದ ತೀಡಿ ಮಾಡಲಾಗದು. ಲೇತಿನ ಕೆಲಸವನ್ನು ಚೆನ್ನಾಗಿ ಬಲ್ಲವರಿಂದಲೇ ಅದನ್ನು ಕಡೆಯಿಸಬೇಕು. ಇದೇಕೆಂಬುದನ್ನು ಲೆಕ್ಕದಿಂದ ನೋಡೋಣ. ೧೮ ಅಂಗುಲ ಉದ್ದದ ಪ್ರೊಪೆಲರಿನ ತುದಿಯು ಒಂದು ಸುತ್ತಿಗೆ ಸುಮಾರು ೪.೭ ಅಡಿ ಸಂಚರಿಸುವುದು. ನಿಮಿಷಕ್ಕೆ ೭,೦೦೦ ಸುತ್ತುಗಳಾದರೆ ೩೩,೦೦೦ ಅಡಿಗಳಷ್ಟಾಯಿತು. ಎಂದರೆ ಗಂಟೆಗೆ ೩೭೫ ಮೈಲಿ, ಸುಮಾರು ೬೦೦ ಕಿಲೋಮೀಟರು! ಅದೇ ಪ್ರೊಪೆಲರಿನ ತಿರುಚು ೬ ಅಂಗುಲವಾಗಿದ್ದರೆ, ಮರದೊಳಗೆ ಇಳಿಯುವ ತಿರುಪುಮೊಳೆಯಂತೆ ಅದು ಒಂದು ಸುತ್ತಿಗೆ ೬ ಅಂಗುಲ ಮುಂದೆ ಹೋಗಲೆತ್ನಿಸಿ, ವಿಮಾನವನ್ನು ಗಂಟೆಗೆ ೪೦ ಮೈಲಿಯ ಸಮೀಪಕ್ಕೆ ಒಯ್ಯುವುದು. ತುದಿಗೆ ಇಷ್ಟು ವೇಗವಿರುವಾಗ ಗುಂಭವು ಕೂದಲೆಳೆಯಷ್ಟು ಓರೆಯಾದರೂ ಇಡೀ ವಿಮಾನವು ನಡುಗುವುದು, ಬೋಲ್ಟುಗಳು ಸಡಿಲುವುವು. ಬಿರುಕುಬಿಟ್ಟ ಪ್ರೊಪೆಲರಿನಿಂದ ಚೂರೊಂದು ಹಾರಿದರೆ ಅದು ತಿರುಗುತ್ತಿದ್ದ ಸಮತಲದಲ್ಲಿಯೇ ಹಾರುವುದು. ಆದಕಾರಣ ಎಂಜಿನು ಓಡುವಾಗ ಪ್ರೊಪೆಲರಿನ ಪಕ್ಕದ ನೇರಕ್ಕೆ ಯಾರೂ ನಿಲ್ಲಕೂಡದು. ನೋಡುವವರೆಲ್ಲರೂ ಹಿಂದೆ ನಿಲ್ಲತಕ್ಕದ್ದು. ಒಂದು ಸಲ ನೆಲಕ್ಕೆ ತಗಲಿದ ಪ್ರೊಪೆಲರನ್ನು ಅಂಟು ಹಾಕಿ ಪುನಃ ಉಪಯೋಗಿಸುವುದು ಉಳಿತಾಯವಲ್ಲ, ಹುಚ್ಚುತನ.

ಎಂಜಿನನ್ನು ದಪ್ಪವಾದ ಪ್ಲೈವುಡ್ ಹಲಗೆಗೆ ಉಕ್ಕಿನ ಬೋಲ್ಟುಗಳಿಂದ ಬಿಗಿಯುವರು. ಪೆಟ್ರೋಲು ಮರದೊಳಕ್ಕೆ ಇಂಗದಂತೆ ಹಲಗೆಗೆ ಎಪಾಕ್ಸಿ ಅಂಟನ್ನು ಬಳಿಯಬೇಕು. ಮೆಥನಾಲಿನ ಎಂಜಿನುಗಳಿಗೆ ಉಪಯೋಗಿಸುವ ಸಿಲಿಕೋನ್ ಕೊಳವೆಯು ಪೆಟ್ರೋಲಿನಲ್ಲಿ ಊದಿಕೊಂಡು ಮೆತ್ತಗಾಗುವುದರಿಂದ ಪೆಟ್ರೋಲನ್ನು ತಡೆಯುವ ಬೇರೆ ಕೊಳವೆಯು ಬೇಕು. ತೊಟ್ಟಿಯ ಒಳಗಿನ ಕೊಳವೆಯ ತುದಿಗೆ ಲೋಹದ ಗುಂಡೊಂದನ್ನು ಕಟ್ಟುವರು. ವಿಮಾನವು ಯಾವ ಮಗ್ಗುಲಿಗೆ ತಿರುಗಿದರೂ ಪೆಟ್ರೋಲು ಎತ್ತ ಸರಿಯುವುದೋ ಗುಂಡೂ ಅತ್ತಲೇ ಸರಿದು ಕೊಳವೆಯ ಬಾಯನ್ನು ಅದರಲ್ಲಿ ಮುಳುಗಿಸಿಡುವುದು.

ತೊಟ್ಟಿಯ ಮಾತು ಬಂದುದರಿಂದ ಲಿಲಿಯನ್ ಬ್ಲಾಂಡ್ ಎಂಬ ಮಹಿಳೆಯನ್ನು ಸ್ಮರಿಸುವುದು ಉಚಿತವಾಗಿದೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಎಂಜಿನಿನ ಮಾತೇಕೆಂದು ಕೇಳುವವರು ಇಂದಿಗೂ ಇಲ್ಲದಿಲ್ಲ. ಐರ್ಲೆಂಡಿನ ಬೆಲ್‌ಫಾಸ್ಟ್ ಸಮೀಪದಲ್ಲಿ ವಾಸಿಸುತ್ತಿದ್ದ ಈಕೆಯು ೧೯೧೦ರಲ್ಲಿ ತನ್ನ ಕೈಯಿಂದಲೇ ವಿಮಾನವೊಂದನ್ನು ಕಟ್ಟಿ, ಮೊದಲು ಎಂಜಿನಿಲ್ಲದೆ ಗಾಳಿಯಲ್ಲಿ ತೇಲಿಸಿ ಪರೀಕ್ಷಿಸಿದಳು. ಬಳಿಕ ಇಂಗ್ಲೆಂಡಿನಿಂದ ೨೦ ಅಶ್ವಶಕ್ತಿಯ ಎಂಜಿನನ್ನು ತರಿಸಿಕೊಂಡಳು. ಎಂಜಿನು ಬಂದರೂ ಪೆಟ್ರೋಲಿನ ತೊಟ್ಟಿಯು ಬಂದಿರಲಿಲ್ಲ. ಕಾಯುವ ತಾಳ್ಮೆಯಿಲ್ಲದ ಆಕೆ ಏನು ಮಾಡಿದಳೆಂದರೆ, ಬರಿದಾದ ವಿಸ್ಕಿ ಸೀಸೆಯನ್ನು (ನಮ್ಮಂತಹ ಶಾಲೆಯ ಸಂಚಿಕೆಯಲ್ಲಿ ಇದರ ಹೆಸರು ಬಂದುದನ್ನು ಹಿರಿಯರು ಮನ್ನಿಸಬೇಕು) ತೊಟ್ಟಿಯಾಗಿಟ್ಟು, ಕಿವುಡಿಯಾದ ತನ್ನ ಅತ್ತೆಯ ಕಿವಿಗೊಳವೆಯ ಮೂಲಕ ಪೆಟ್ರೋಲನ್ನು ಹಾಯಿಸಿ ಎಂಜಿನನ್ನು ಓಡಿಸಿ ನೋಡಿಯೇಬಿಟ್ಟಳು. ಅದೇ ವರ್ಷದಲ್ಲಿ ಆ ವಿಮಾನವು ಆಕೆಯನ್ನು ಹೊತ್ತು ನೆಲವನ್ನು ಬಿಟ್ಟು ಮೇಲೆದ್ದಿತು. ಆದರೆ ಸೀಸೆಯ ಉಪಾಯವನ್ನು ಮಾತ್ರ ಯಾರೂ ಅನುಸರಿಸಬಾರದು.

ವೇಗವನ್ನು ಹೆಚ್ಚು ಕಡಿಮೆ ಮಾಡುವ ಕೆಲಸವು ತೋಟದಲ್ಲಿ ಆಳಿನ ಬೆರಳಿನದು, ವಿಮಾನದಲ್ಲಿ ಸರ್ವೋ ಎಂಬ ಪುಟ್ಟ ಮೋಟಾರಿನದು. ನೆಲದ ಮೇಲಿನ ರೇಡಿಯೋ ಪೆಟ್ಟಿಗೆಯ ಆಜ್ಞೆಯಂತೆ ಅದು ಕಾರ್ಬ್ಯುರೇಟರಿನ ಸನ್ನೆಯನ್ನು ಎಳೆಯುವುದು. ಇಲ್ಲಿಯೇ ಒಂದು ತೊಡಕುಂಟು. ೧೮೮೦ರ ದಶಕದಲ್ಲಿ ಜರ್ಮನಿಯ ಹೆರ್ಟ್ಸ್ ಎಂಬ ವಿಜ್ಞಾನಿಯು ರೇಡಿಯೋ ಅಲೆಗಳನ್ನು ಹುಟ್ಟಿಸಿ ತೋರಿಸಿದ್ದು ವಿದ್ಯುತ್ ಕಿಡಿಯಿಂದಲೇ. ನಮ್ಮ ಎಂಜಿನಿನ ಪ್ಲಗ್ಗಿನಲ್ಲಿಯೂ ನಿಮಿಷಕ್ಕೆ ಸಾವಿರಾರು ಕಿಡಿಗಳು ಹಾರುವುವಷ್ಟೆ. ಅವು ಹುಟ್ಟಿಸುವ ಅಲೆಗಳು ಆಜ್ಞೆಯ ಅಲೆಗಳೊಡನೆ ಕಲೆತುಹೋದರೆ ವಿಮಾನವು ಯಾರ ಮಾತನ್ನು ಕೇಳೀತು? ಆದುದರಿಂದ ಪ್ಲಗ್ಗಿಗೂ ಅದರ ತಂತಿಗೂ ಲೋಹದ ಬಲೆಯ ಹೊದಿಕೆಯನ್ನು ಹಾಕಬೇಕು. ರೇಡಿಯೋ ಗ್ರಾಹಕವನ್ನು ಕಿಡಿಯ ಸಾಮಗ್ರಿಯಿಂದ ಒಂದು ಅಡಿಯಾದರೂ ದೂರ ಇಡಬೇಕು. ಸರ್ವೋದಿಂದ ಕಾರ್ಬ್ಯುರೇಟರಿಗೆ ಹೋಗುವ ಕಡ್ಡಿಯು ಲೋಹದ್ದಾಗದೆ ನೈಲಾನಿನದಾಗಿರಬೇಕು. ಈಚಿನ ೨.೪ ಗಿಗಾಹರ್ಟ್ಸಿನ ರೇಡಿಯೋಗಳಿಗೆ ಈ ಬಾಧೆಯು ಹಿಂದಿನವುಗಳಷ್ಟಿಲ್ಲ. ಆದರೂ ಎಚ್ಚರಿಕೆಯನ್ನು ಬಿಡಲಾಗದು. ಕಿಡಿಯನ್ನು ನಿಲ್ಲಿಸುವ ಗುಂಡಿಯೊಂದು ವಿಮಾನದ ಹೊರಮೈಯಲ್ಲಿಯೂ, ದೂರದಿಂದಲೇ ಕಿಡಿಯನ್ನು ನಿಲ್ಲಿಸುವ ಏರ್ಪಾಟು ರೇಡಿಯೋ ಪೆಟ್ಟಿಗೆಯಲ್ಲಿಯೂ ಇರಲೇಬೇಕು.

ಇಷ್ಟೆಲ್ಲ ಶ್ರಮವು ಸಾರ್ಥಕವೇ ಎಂದು ಕೇಳಿದರೆ ನಾವು ನಿಷ್ಪಕ್ಷಪಾತವಾಗಿ ಉತ್ತರಿಸಬೇಕು. ಹಾರಿಸುವುದಷ್ಟೇ ಬೇಕಾದವರಿಗೆ ಈಗ ಬ್ಯಾಟರಿಯ ವಿದ್ಯುತ್ ಮೋಟಾರು ಎಷ್ಟೋ ಮೇಲು. ಅದು ಹೊಗೆಯಿಲ್ಲದೆ ಗದ್ದಲವಿಲ್ಲದೆ ಒಂದು ಗುಂಡಿಯಿಂದ ಓಡುವುದು. ಮಾದರಿ ವಿಮಾನಕ್ಕೆಂದೇ ಮಾಡಿದ ಪೆಟ್ರೋಲು ಎಂಜಿನುಗಳೂ ದೊರೆಯುವುವು. ಗುಂಭ, ಕಿಡಿಯ ಏರ್ಪಾಟು, ಲೇತಿನ ಕೂಲಿ ಇವುಗಳನ್ನೆಲ್ಲ ಕೂಡಿಸಿದರೆ ಹಳೆಯ ಎಂಜಿನಿನ ಅಗ್ಗತನವು ಅಷ್ಟೇನೂ ಉಳಿಯದು. ಆದರೆ ಎಂಜಿನೆಂದರೇನೆಂಬುದನ್ನು ಕೈಯಾರೆ ಅರಿಯಬೇಕೆನ್ನುವವಳಿಗೆ, ಶಾಲೆಯ ವಿಜ್ಞಾನ ಸಂಘಕ್ಕೆ, ಇದಕ್ಕಿಂತ ಒಳ್ಳೆಯ ಪಾಠವು ದೊರೆಯುವುದು ಕಷ್ಟ. ನಮ್ಮ ತೋಟಗಳಲ್ಲಿ ಈಚೆಗೆ ಬಳಕೆಗೆ ಬಂದಿರುವ ನಾಲ್ಕು ಹೊಡೆತದ ಎಂಜಿನುಗಳು ತಮ್ಮ ಗಾತ್ರಕ್ಕೆ ಹೆಚ್ಚು ಭಾರವಾದುದರಿಂದ ಈ ಕೆಲಸಕ್ಕೆ ಅಷ್ಟಾಗಿ ಒಗ್ಗವು. ಸಿಲಿಂಡರಿನೊಳಗೆ ಗೀರುಗಳಿಲ್ಲದ, ಕೈಯಿಂದ ತಿರುವಿದರೆ ಚೆನ್ನಾಗಿ ಒತ್ತಡವನ್ನು ಕೊಡುವ ೨೫ರಿಂದ ೩೫ ಘನ ಸೆಂಟಿಮೀಟರಿನ ಎರಡು ಹೊಡೆತದ ಎಂಜಿನನ್ನೇ ಆರಿಸಿಕೊಳ್ಳತಕ್ಕದ್ದು. ಇಂತಹವು ಮೂಲೆಗೆ ಬೀಳುವುದು ಹೆಚ್ಚಾಗಿ ದೊಡ್ಡ ಕೇಡಿನಿಂದಲ್ಲ, ಗಡುಸಾದ ಪೊರೆಯಿಂದಲೋ ಒಡೆದ ಕೊಳವೆಯಿಂದಲೋ ಅಷ್ಟೆ.

ಹೊಸದಾಗಿ ಮಾರ್ಪಡಿಸಿದ ಎಂಜಿನನ್ನು ನೇರವಾಗಿ ಹಾರಿಸಕೂಡದು. ಭಾರವಾದ ಮೇಜಿಗೆ ಬಿಗಿದು ಬಯಲಿನಲ್ಲಿ ಓಡಿಸಬೇಕು. ಕೋಣೆಯೊಳಗೆ ಓಡಿಸಿದರೆ ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡು ವಾಸನೆಯಿಲ್ಲದೆ ಕೊಲ್ಲುವ ವಿಷ. ಕಾರ್ಬ್ಯುರೇಟರಿನಲ್ಲಿ ಮೆಲ್ಲನೆಯ ಓಟಕ್ಕೊಂದು, ವೇಗದ ಓಟಕ್ಕೊಂದು ಹೀಗೆ ಎರಡು ತಿರುಪುಗಳಿರುವುವು. ಈಗ ನಮ್ಮ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ ೨೦ರ ವರೆಗೆ ಎಥನಾಲನ್ನು ಬೆರಸುವುದರಿಂದ ಇವುಗಳನ್ನು ತುಸು ಹೆಚ್ಚಾಗಿಯೇ ತೆರೆಯಬೇಕಾಗುವುದು. ಸ್ವಲ್ಪ ಹೊತ್ತು ಓಡಿಸಿ ಪ್ಲಗ್ಗನ್ನು ಬಿಚ್ಚಿ ನೋಡಿದಾಗ ಅದರ ತುದಿಯು ಕಾಫಿಯ ಪುಡಿಯ ಬಣ್ಣದ್ದಾಗಿದ್ದರೆ ಪ್ರಮಾಣವು ಸರಿ. ಬಿಳುಪಾಗಿದ್ದರೆ ಪೆಟ್ರೋಲು ಸಾಲದು, ಎಂಜಿನು ಕಾಯುತ್ತಿದೆ. ಕಪ್ಪಾಗಿ ಒದ್ದೆಯಾಗಿದ್ದರೆ ಪೆಟ್ರೋಲು ಹೆಚ್ಚಾಯಿತು. ಬಳಿಕ ಎಂಜಿನನ್ನು ವಿಮಾನಕ್ಕೆ ಕೂಡಿಸಿ, ಬಾಲಕ್ಕೆ ಸ್ಪ್ರಿಂಗ್ ತಕ್ಕಡಿಯನ್ನು ಕಟ್ಟಿ, ತಕ್ಕಡಿಯನ್ನು ಗೂಟಕ್ಕೆ ಬಿಗಿದು ಪೂರ್ಣ ವೇಗದಲ್ಲಿ ಓಡಿಸಿದರೆ ಎಂಜಿನು ಎಳೆಯುವ ಬಲವು ತಕ್ಕಡಿಯಲ್ಲಿಯೇ ಕಾಣುವುದು. ನಾಲ್ಕೈದು ಕಿಲೋಗ್ರಾಮು ಬಂದರೆ ಆರೇಳು ಕಿಲೋಗ್ರಾಮು ತೂಗುವ, ಎರಡು ಮೀಟರು ರೆಕ್ಕೆಯ ವಿಮಾನಕ್ಕೆ ಧಾರಾಳವಾಯಿತು.

ಇಂತಹ ವಿಮಾನವು ಆಟಿಕೆಯಲ್ಲ. ಆರು ಕಿಲೋಗ್ರಾಮಿನ ವಸ್ತುವೊಂದು ಗಂಟೆಗೆ ೪೦ ಮೈಲಿಯ ವೇಗದಿಂದ ಒಬ್ಬರ ತಲೆಗೆ ಬಡಿದರೆ ಪ್ರಾಣವುಳಿಯದು. ಶಾಲೆಯ ಆಟದ ಬಯಲಿನಲ್ಲಿ ಇದನ್ನು ಹಾರಿಸುವ ಮಾತೇ ಬೇಡ. ಭಾರತ ಸರ್ಕಾರವು ೨೦೨೧ರಲ್ಲಿ ಹೊರಡಿಸಿದ ಡ್ರೋನ್ ನಿಯಮಗಳು ಚಾಲಕರಿಲ್ಲದ ವಿಮಾನಗಳನ್ನು ತೂಕದ ಮೇಲೆ ವಿಂಗಡಿಸಿ, ಆಕಾಶವನ್ನು ಹಸಿರು, ಹಳದಿ, ಕೆಂಪು ಎಂಬ ವಲಯಗಳಾಗಿ ಭಾಗಿಸಿವೆ. ನೋಂದಣಿಯ ವಿಷಯವನ್ನೂ ಸ್ಥಳದ ವಿಷಯವನ್ನೂ ಮೊದಲೇ ವಿಚಾರಿಸಿಕೊಂಡು, ಅನುಭವಸ್ಥರಾದ ಹಾರಾಟಗಾರರ ಸಂಘದ ಬಯಲಿನಲ್ಲಿ, ಅವರಲ್ಲೊಬ್ಬರು ಪಕ್ಕದಲ್ಲಿ ನಿಂತಿರುವಾಗಲೇ ಹಾರಿಸತಕ್ಕದ್ದು. ಮೇಲಕ್ಕೆ ಬಿಡುವ ಮೊದಲು ಎಂಜಿನನ್ನು ಓಡಿಸುತ್ತಲೇ ಒಬ್ಬಳು ರೇಡಿಯೋ ಪೆಟ್ಟಿಗೆಯನ್ನು ಹಿಡಿದು ದೂರ ನಡೆದು ಹೋಗಿ, ಚುಕ್ಕಾಣಿಗಳು ಆಜ್ಞೆಯಂತೆ ನಡೆಯುವುವೋ ನಡುಗುವುವೋ ಎಂಬುದನ್ನು ನೋಡಬೇಕು. ಎಂಜಿನು ನಿಂತಿರುವಾಗ ಮಾಡಿದ ಪರೀಕ್ಷೆಯು ಇಲ್ಲಿ ಪ್ರಯೋಜನಕ್ಕೆ ಬಾರದು. ಚುಕ್ಕಾಣಿಯು ಒಂದು ಸಲ ನಡುಗಿದರೂ ಆ ದಿನ ಹಾರಾಟವಿಲ್ಲವೆಂದು ತಿಳಿಯತಕ್ಕದ್ದು. ಹಾರಾಟವು ಮುಗಿದ ಮೇಲೆ ತೊಟ್ಟಿಯಲ್ಲಿ ಮಿಕ್ಕ ಪೆಟ್ರೋಲನ್ನು ಡಬ್ಬಿಗೆ ತೆಗೆದು, ಕಾರ್ಬ್ಯುರೇಟರಿನಲ್ಲಿ ಉಳಿದುದು ತೀರಿ ಎಂಜಿನು ತಾನಾಗಿಯೇ ನಿಲ್ಲುವ ವರೆಗೂ ಅದನ್ನು ಮೆಲ್ಲಗೆ ಓಡಿಸಬೇಕು. ಇಲ್ಲವಾದರೆ ಒಳಗಿನ ಪೊರೆಯು ಮುಂದಿನ ರಜೆಯ ಹೊತ್ತಿಗೆ ಗಡುಸಾಗಿರುವುದು.